ಗ್ರಾಫಿನಲ್ಲಿ ಕೆಳಗಿಳಿದ ಗೆರೆ ಅಪ್ಪನದ್ದೇನಾ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ಲಿವರ್ ಒಳಗಿನ ಪಿತ್ತನಾಳದಲ್ಲಿ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಗಡ್ಡೆಯ ಆರ್‌ಎನ್‌ಎ ಪರೀಕ್ಷೆಯ ವರದಿಯಲ್ಲಿ ಒಂದು ಜೀನ್ ಮುಂದೆ ‘ಹೆಚ್ಚು’ ಎಂದಿದೆ. ತಮ್ಮ ಒಂದು ಸಂಶೋಧನಾ ಲೇಖನ ಹುಡುಕಿ ತಂದ. ಎಷ್ಟು ದಿನಕ್ಕೆ ಎಷ್ಟು ರೋಗಿಗಳು ಬದುಕಿದ್ದಾರೆ ಎಂದು ತೋರಿಸುವ ಅದರ ಗ್ರಾಫಿನಲ್ಲಿ, ಆ ಜೀನ್ ಹೆಚ್ಚಿರುವವರ ಗೆರೆ ಬೇಗ ಕೆಳಗಿಳಿಯುತ್ತದೆ. ಡಾಕ್ಟರ್ ಮಾತ್ರ ‘ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ’ ಅಂತಾರೆ. ಏನಾದರೂ ಮುಚ್ಚಿಡುತ್ತಿದ್ದಾರಾ?

ಉತ್ತರ: ಮುಚ್ಚಿಡುತ್ತಿಲ್ಲ. ಸ್ವಲ್ಪ ಬಿಡಿಸಿ ಹೇಳಬಹುದಿತ್ತು, ಅಷ್ಟೇ.

ಆರ್‌ಎನ್‌ಎ ಪರೀಕ್ಷೆ ಅಳೆಯುವುದು ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದನ್ನು. ಆ ‘ಹೆಚ್ಚು’ ಎಲ್ಲಿಂದ ಬಂತು ನೋಡಿ. ಶುಗರ್ ಟೆಸ್ಟಿಗೆ ಇರುವಂತೆ ಎಲ್ಲರೂ ಒಪ್ಪಿದ ಮಿತಿ ಇದಕ್ಕಿಲ್ಲ. ಇಂಥ ಎಷ್ಟೋ ಲೇಖನಗಳಲ್ಲಿ ರೋಗಿಗಳನ್ನು ಜೀನ್ ಪ್ರಮಾಣದ ಪ್ರಕಾರ ಸಾಲಾಗಿ ಜೋಡಿಸಿ, ಸರಿಯಾಗಿ ಮಧ್ಯಕ್ಕೆ ಗೆರೆ ಎಳೆಯುತ್ತಾರೆ. ಮೇಲಿನವರೆಲ್ಲ ‘ಹೆಚ್ಚು’, ಕೆಳಗಿನವರೆಲ್ಲ ‘ಕಡಿಮೆ’. ಹಾಗೆ ಮಾಡಿದರೆ ಯಾವ ಜೀನ್ ತಗೊಂಡರೂ ಅರ್ಧ ಜನ ‘ಹೆಚ್ಚು’ ಆಗಲೇಬೇಕಲ್ವಾ? ಅಪ್ಪನ ಲ್ಯಾಬ್ ಹೋಲಿಸಿ ನೋಡಿದ್ದು ಬೇರೆ ಗಡ್ಡೆಗಳ ಜೊತೆ. ಅವರ ‘ಹೆಚ್ಚು’ ಈ ಲೇಖನದ ‘ಹೆಚ್ಚು’ ಆಗಬೇಕೆಂದೇನಿಲ್ಲ.

ಲೇಖನದಲ್ಲಿ ಎಷ್ಟು ಗಡ್ಡೆಗಳಿವೆ ಅಂತ ತಮ್ಮನಿಗೆ ನೋಡಲು ಹೇಳಿ. ಈ ಕ್ಯಾನ್ಸರ್ ಅಪರೂಪದ್ದು. ಸಂಶೋಧಕರು ಮತ್ತೆ ಮತ್ತೆ ಬಳಸುವ, ಕ್ಯಾನ್ಸರ್ ಗಡ್ಡೆಗಳ ಜೀನ್ ಮಾಹಿತಿ ಇಟ್ಟಿರುವ ಅಮೆರಿಕದ ಟಿಸಿಜಿಎ ಸಂಗ್ರಹದಲ್ಲೂ ಆರ್‌ಎನ್‌ಎ ಮಾಹಿತಿ ಇರುವ ಪಿತ್ತನಾಳದ ಗಡ್ಡೆಗಳು ಬರೀ 36. ಮಧ್ಯಕ್ಕೆ ಸೀಳಿದರೆ ಒಂದೊಂದು ಕಡೆ 18. ಆದರೆ ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳೇ ಸುಮಾರು 20,000. ಒಂದೊಂದನ್ನೂ, ಸಂಬಂಧವೇ ಇಲ್ಲದಿದ್ದರೂ ನೂರಕ್ಕೆ 5 ಸಲ ‘ಇದೆ’ ಅನ್ನಿಸಬಹುದಾದ ಲೆಕ್ಕದಲ್ಲಿ ಪರೀಕ್ಷಿಸುತ್ತಾ ಹೋದರೆ, ಸುಮ್ನೆ ಆಕಸ್ಮಿಕವಾಗಿಯೇ ಸಾವಿರ ಜೀನ್‌ಗಳು ‘ಮುಖ್ಯ’ ಅನ್ನಿಸಿಬಿಡಬಹುದು. ಒಳ್ಳೆಯ ಸಂಶೋಧಕರು ಇದಕ್ಕೆ ಲೆಕ್ಕ ಸರಿಪಡಿಸುತ್ತಾರೆ, ಬೇರೆ ಆಸ್ಪತ್ರೆಯ ರೋಗಿಗಳಲ್ಲಿ ಮತ್ತೆ ನೋಡುತ್ತಾರೆ. ಎಲ್ಲರೂ ಮಾಡಲ್ಲ.

ನಾನು ಪ್ಯಾಥಾಲಜಿಸ್ಟ್, ದಿನವಿಡೀ ಮೈಕ್ರೋಸ್ಕೋಪಿನಲ್ಲಿ ಗಡ್ಡೆಗಳ ಸ್ಲೈಡ್ ನೋಡುವವಳು. ಪಿತ್ತನಾಳದ ಗಡ್ಡೆಯಲ್ಲಿ ಕಣ್ಣಿಗೆ ರಾಚುವುದು ಕ್ಯಾನ್ಸರ್ ಕೋಶಗಳಲ್ಲ, ಅವುಗಳ ಸುತ್ತ ದಟ್ಟವಾಗಿ ಬೆಳೆದ ನಾರು. ಗುಲಾಬಿ ಬಣ್ಣದ ಆ ನಾರಿನ ನಡುವೆ ಅಲ್ಲೊಂದು ಇಲ್ಲೊಂದು ವಕ್ರವಾದ ಗ್ರಂಥಿ. ತುಣುಕನ್ನು ಇಡಿಯಾಗಿ ಅರೆದು ಆರ್‌ಎನ್‌ಎ ತೆಗೆದರೆ ನಾರಿನ ಕೋಶ, ರಕ್ತನಾಳ, ಬಿಳಿರಕ್ತಕಣ ಎಲ್ಲವೂ ಸೇರಿಕೊಳ್ಳುತ್ತವೆ. ಒಂದೇ ಗಡ್ಡೆಯ ಬೇರೆ ಮೂಲೆಯಿಂದ ತೆಗೆದಿದ್ದರೆ ಅಂಕಿ ಬದಲಾಗಬಹುದಿತ್ತು. ವರದಿಯಲ್ಲಿ ಇದು ಕಾಣುವುದಿಲ್ಲ.

ಹಾಗಂತ ಈ ಸಂಶೋಧನೆಯೇ ವ್ಯರ್ಥ ಅನ್ನುತ್ತಿಲ್ಲ. ಸ್ತನ ಕ್ಯಾನ್ಸರ್‌ನಲ್ಲಿ 21 ಜೀನ್‌ಗಳ ಪರೀಕ್ಷೆ ನೋಡಿ ಕೆಲವರಿಗೆ ಕೀಮೋ ಬೇಡ ಎಂದು ನಿರ್ಧರಿಸುತ್ತಾರೆ. ಅದಕ್ಕೆ ಸಾವಿರಾರು ರೋಗಿಗಳ ಮೇಲಿನ ಪ್ರಯೋಗದ ಬಲ ಇದೆ. ಪಿತ್ತನಾಳಕ್ಕೆ ಅಂಥದ್ದು ಇನ್ನೂ ಬಂದಿಲ್ಲ.

ಅಪ್ಪನ ಮಟ್ಟಿಗೆ ಹೆಚ್ಚು ತೂಕದ ಮಾಹಿತಿ ಪ್ಯಾಥಾಲಜಿ ವರದಿಯಲ್ಲೇ ಇದೆ: ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ಲಿಂಫ್ ಗ್ರಂಥಿಗೆ ಹೋಗಿದೆಯೇ, ರಕ್ತನಾಳಕ್ಕೆ ನುಗ್ಗಿದೆಯೇ. ಅದನ್ನು ಡಾಕ್ಟರ್ ಜೊತೆ ಕೂತು ಓದಿ. ಆಮೇಲೆ ಐಡಿಎಚ್1 ಮತ್ತು ಎಫ್‌ಜಿಎಫ್‌ಆರ್2 ಎಂಬ ಎರಡು ಜೀನ್‌ಗಳ ಪರೀಕ್ಷೆ ಮಾಡಿದ್ದಾರಾ ಕೇಳಿ. ಇವು ಜೀನ್ ಎಷ್ಟು ಸದ್ದು ಮಾಡುತ್ತಿದೆ ಅನ್ನುವುದಲ್ಲ, ಜೀನೇ ಬದಲಾಗಿದೆಯೇ ಅನ್ನುವ ಪರೀಕ್ಷೆ. ಪಿತ್ತನಾಳದ ಕ್ಯಾನ್ಸರ್‌ಗಳಲ್ಲಿ, ಅಪ್ಪನಿಗೆ ಬಂದಂಥ ಲಿವರ್ ಒಳಗಿನ ಗಡ್ಡೆಗಳಲ್ಲೇ ಈ ಬದಲಾವಣೆಗಳು ಜಾಸ್ತಿ. ಮುಂದೆ ರೋಗ ಮರಳಿ ಮೊದಲ ಕೀಮೋ ಕೈಕೊಟ್ಟರೆ, ಎಫ್‌ಜಿಎಫ್‌ಆರ್2 ಬದಲಾಗಿದ್ದವರಿಗೆ ಪೆಮಿಗಾಟಿನಿಬ್, ಐಡಿಎಚ್1 ಬದಲಾಗಿದ್ದವರಿಗೆ ಐವೊಸಿಡೆನಿಬ್ ಮಾತ್ರೆ ಇದೆ. ಅಮೆರಿಕದಲ್ಲಿ ಇವಕ್ಕೆ ಒಪ್ಪಿಗೆ ಸಿಕ್ಕಿದ್ದು 2020 ಮತ್ತು 2021ರಲ್ಲಿ. ಪರೀಕ್ಷೆಗೆ ಇನ್ನೊಮ್ಮೆ ಕೊಯ್ಯಬೇಕಿಲ್ಲ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಣುಕನ್ನು ಮೇಣದ ಬ್ಲಾಕ್ ಮಾಡಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ, ಅದರಿಂದಲೇ ಆಗುತ್ತದೆ.