ತೊಡೆಸಂದಿನ ಗಂಟು ಎಣ್ಣೆಗೆ ಕರಗುವುದಿಲ್ಲ

ಪ್ರಶ್ನೆ: ನನಗೆ 46 ವರ್ಷ. ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಮಾಯ, ಎದ್ದು ನಿಂತರೆ ಮತ್ತೆ ಬರುತ್ತದೆ. ನೋವಿಲ್ಲ. ಡಾಕ್ಟರು ಹರ್ನಿಯಾ ಅಂದರು. ಎಣ್ಣೆ ತಿಕ್ಕಿ ಬೆಲ್ಟ್ ಕಟ್ಟಿದರೆ ಆಪರೇಷನ್ ಇಲ್ಲದೆ ಗುಣವಾಗುತ್ತದೆ ಅಂತ ಒಬ್ಬರು ಹೇಳಿದ್ದಾರೆ. ನಿಜವೇ?

ಉತ್ತರ: ನಿಜ ಅಲ್ಲ. ಈ ಪ್ರಶ್ನೆ ಬಾರದ ವಾರವೇ ಇಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅದು ಗಂಟೇ ಅಲ್ಲ. ಹೊಟ್ಟೆಯ ಗೋಡೆ ಸಡಿಲಾಗಿ, ಆ ಸಂದಿನಿಂದ ನುಸುಳಿ ಬಂದ ಕರುಳೋ ಕೊಬ್ಬೋ ಅದು. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ ಬೀಜಗಳು ಈ ದಾರಿಯಲ್ಲೇ ಕೆಳಗಿಳಿಯುತ್ತವೆ. ಹಾಗಾಗಿ ಗಂಡಸರಲ್ಲಿ ಆ ಜಾಗ ಮೊದಲಿಂದಲೂ ಸ್ವಲ್ಪ ಮೆದು. ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ನಾವು ಅಲ್ಲಿ ಬೆರಳಿಟ್ಟು 'ಕೆಮ್ಮಿ' ಅನ್ನುತ್ತೇವಲ್ಲ, ಆಗ ಬೆರಳ ತುದಿಗೆ ಒಳಗಿನಿಂದ ಮೆತ್ತಗೆ ಏನೋ ಬಂದು ತಟ್ಟುತ್ತದೆ. ಎಣ್ಣೆ ತಿಕ್ಕಿ ಅದನ್ನು ಕರಗಿಸೋದು ಹೇಗೆ?

ಬೆಲ್ಟ್ ಉಬ್ಬನ್ನು ಒತ್ತಿ ಹಿಡಿಯುತ್ತದೆ ಅಷ್ಟೇ, ತೂತು ಮುಚ್ಚುವುದಿಲ್ಲ. ವ್ಯಾಯಾಮದಿಂದಲೂ ಮುಚ್ಚದು. ಇಟಲಿಯ ಸರ್ಜನ್ ಬಸ್ಸಿನಿ ಈ ಗೋಡೆಯನ್ನು ಗಟ್ಟಿಯಾಗಿ ಹೊಲಿಯುವ ದಾರಿ ತೋರಿಸಿದ್ದು 1887ರಲ್ಲಿ. ಈಗ ದೊಡ್ಡವರಿಗೆ ಹೆಚ್ಚಾಗಿ ಆ ಜಾಗಕ್ಕೆ ಮೆಶ್, ಅಂದರೆ ಬಲೆಯಂಥ ತೇಪೆ ಇಡುತ್ತೇವೆ.

ಹಾಗಂತ ನಾಳೆಯೇ ಆಪರೇಷನ್ ಆಗಬೇಕಿಲ್ಲ. ತೊಂದರೆ ಕೊಡದ ಹರ್ನಿಯಾ ಇರುವ ಗಂಡಸರು ಡಾಕ್ಟರಿಗೆ ತೋರಿಸುತ್ತಾ ಕಾಯಬಹುದು. ಆದರೆ ನಾನು ತುಸು ಅಂಜುವವನು. ಸಿಕ್ಕಿಹಾಕಿಕೊಂಡು ಕಪ್ಪಾದ ಕರುಳನ್ನು ನಡುರಾತ್ರಿ ಕತ್ತರಿಸಿ ತೆಗೆದಿದ್ದೇನೆ. ಆರೋಗ್ಯ ಚೆನ್ನಾಗಿರುವಾಗಲೇ, ನಿಮಗೆ ಅನುಕೂಲವಾದ ದಿನ ನೋಡಿ ಮಾಡಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ಮೊದಲು ಕೆಮ್ಮು, ಮಲಬದ್ಧತೆಗೆ ಔಷಧಿ ತೊಗೊಳ್ಳಿ. ಬೀಡಿ ಸಿಗರೇಟು ಬಿಡಿ.

ಇದೊಂದು ಮಾತ್ರ ಮನೆಯವರಿಗೂ ಹೇಳಿಡಿ. ಉಬ್ಬು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ವಿಪರೀತ ನೋವು, ವಾಂತಿ ಶುರುವಾದರೆ, ಗ್ಯಾಸ್ ಹೋಗುವುದು ನಿಂತರೆ, ಬೆಳಗಾಗಲಿ ಅಂತ ಕಾಯಬೇಡಿ. ಬಲವಂತವಾಗಿ ಒಳಗೆ ತಳ್ಳಬೇಡಿ. ಏನೂ ತಿನ್ನದೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೂರು ತಿಂಗಳ ಮಗನಿಗೆ ತೊಡೆಸಂದಿನ ಹರ್ನಿಯಾ. ಬೆಳೆದಂತೆ ಮುಚ್ಚುತ್ತದಾ?

ಉತ್ತರ: ಇಲ್ಲ. ತಾನಾಗೇ ಮುಚ್ಚುವುದು ಹೊಕ್ಕುಳಿನದು. ಎಳೆ ಮಕ್ಕಳಲ್ಲಿ ಕರುಳು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಈ ವಾರವೇ ಮಕ್ಕಳ ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ಹೆಂಗಸರಿಗೂ ಬರುತ್ತದಾ?

ಉತ್ತರ: ಬರುತ್ತದೆ. ನೋವಿಲ್ಲ ಅಂತ ಅವರು ಸುಮ್ನೆ ಕೂರಬಾರದು, ಬೇಗ ಸಿಕ್ಕಿಹಾಕಿಕೊಳ್ಳುವ ಇನ್ನೊಂದು ಬಗೆಯ ಹರ್ನಿಯಾ ಗಂಡಸರಿಗಿಂತ ಅವರಲ್ಲಿ ಹೆಚ್ಚು.

ಪ್ರಶ್ನೆ: ಆಪರೇಷನ್ ಆದರೆ ಗಂಡಸ್ತನ ಹೋಗುತ್ತದಂತೆ?

ಉತ್ತರ: ಹೋಗುವುದಿಲ್ಲ. ಹಾಗೆ ಹೆದರಿಸಿ ಪುಡಿ ಮಾರುವವರ ಹತ್ತಿರ ಹೋಗಬೇಡಿ.