ಫೆಸ್‌ನ ಗೆಳತಿಯ ಮದುವೆ ವಿಷಯ ಅವಳ ಅಪ್ಪನ ಹತ್ತಿರ ನಾನೇ ಮಾತಾಡಲಾ?

ಮೊರಾಕ್ಕೊದ ಫೆಸ್ ನಗರದ ಗೆಳತಿಯ ಮದುವೆಗೆ ಅವಳ ಅಪ್ಪ ಒಪ್ಪುತ್ತಿಲ್ಲ, ಕಾನೂನು ಅವಳ ಪರ ಇದೆ, ಇಲ್ಲಿ ನಡೆಯಬೇಕಾದ್ದು ಕಾನೂನಾ, ಸಂಪ್ರದಾಯವಾ, ಅಪ್ಪನಿಗೆ ನಾನೇ ಹೇಳಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒಮ್ಮೆ ನಾನೂ ಹೀಗೇ ಒಬ್ಬ ಅಪ್ಪನಿಗೆ ಹೇಳಿದ್ದೆ.

ಅರಬ್ಬಿ ಕಲಿಯಲು ಮೊರಾಕ್ಕೊಗೆ ಹೋಗಿದ್ದಾಗ ಫೆಸ್‌ನ ಹಳೇ ಊರಿನಲ್ಲಿ ಒಂದು ಕುಟುಂಬದ ಜೊತೆ ಇದ್ದೆ. ಬೀದಿ ಕಡೆ ಬರೀ ಗೋಡೆ, ಒಳಗೆ ಅಂಗಳ, ಸುತ್ತ ಕೋಣೆಗಳು. ಕಿರಿ ಮಗಳಿಗೆ ಹೊಸ ಊರಿನ ಹುಡುಗನೊಬ್ಬ ಇಷ್ಟವಾಗಿದ್ದ. ಅವಳಕ್ಕನಿಗೆ ಗಂಡನಿಂದ ವಿಚ್ಛೇದನ ಬೇಕಿತ್ತು. ಅಮ್ಮ ಮಸೀದಿಯಲ್ಲಿ ಓದು ಬರಹ ಕಲಿಯಲು ಹೋಗುತ್ತಿದ್ದರು, ಅದೂ ಅತ್ತೆ ಹೂಂ ಅಂದಿದ್ದರಿಂದ. ಅಕ್ಕ ತವರಿಗೆ ಬಂದರೆ ತಂಗಿಯ ಮದುವೆಗೆ ತೊಡಕು. ತಂಗಿ ಹಟ ಹಿಡಿದರೆ ಅಮ್ಮನ ಮೇಲೆ ದೂರು.

2004ರ ಕುಟುಂಬ ಕಾನೂನಿನ ಪ್ರಕಾರ ಅಲ್ಲಿ 18 ತುಂಬಿದ ಹೆಣ್ಣು ತಂದೆಯ ಒಪ್ಪಿಗೆ ಇಲ್ಲದೆಯೂ ಮದುವೆಯಾಗಬಹುದು. ಶುಕ್ರವಾರ ಎಲ್ಲರೂ ಕುಸ್ಕುಸ್ ತಟ್ಟೆಯ ಸುತ್ತ ಕೂತಿದ್ದಾಗ ಇದನ್ನು ಹೇಳಿದೆ. ದೊಡ್ಡಪ್ಪನೂ ಇದ್ದರು. ಕೆಟ್ಟಿದ್ದು ಅಲ್ಲೇ. ಕಾನೂನು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಒಳಗೊಳಗೇ ಅರ್ಧ ಒಪ್ಪಿಯೂ ಇದ್ದರು. ಆದರೆ ಅಣ್ಣನ ಎದುರು, ಹೊರಗಿನವಳೊಬ್ಬಳು, "ನಿಮ್ಮ ಒಪ್ಪಿಗೆ ಬೇಕಾಗೇ ಇಲ್ಲ" ಅಂದಮೇಲೆ ಅವರು ಒಪ್ಪಿದರೆ ಸೋತಂತೆ ಅಲ್ವಾ? ಅವರಾಗಿ ಕೊಡಬಹುದಾಗಿದ್ದನ್ನು ನಾನು ಕಿತ್ತುಕೊಳ್ಳೋ ವಿಷಯ ಮಾಡಿಬಿಟ್ಟೆ. ಅವರೊಬ್ಬರೇ ಇದ್ದಾಗ ಮನೆಯವರೇ ಯಾರಾದರೂ ಇದೇ ಮಾತು ಹೇಳಿದ್ದರೆ ಜಗಳವೇ ಆಗುತ್ತಿರಲಿಲ್ಲ. ಹುಡುಗಿ ಹೊರಗೆ ಹೋಗುವುದು ನಿಂತಿತು. ನನಗೆ ಆ ಮನೆ ತಪ್ಪಿತು, ಅದು ದೊಡ್ಡದಲ್ಲ. ಅಮ್ಮನ ಪಾಠವೂ ನಿಂತಿತಲ್ಲ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆಕೆ ಆಗಷ್ಟೇ ತನ್ನ ಹೆಸರು ಬರೆಯಲು ಕಲಿತಿದ್ದರು.

ಕೊನೆಗೆ ದಾರಿ ಮಾಡಿದ್ದು ಅಜ್ಜಿ. ಮಗನನ್ನು ಒಬ್ಬನೇ ಕೂರಿಸಿಕೊಂಡು ಮಾತಾಡಿದರು. ಬಯಸಿದರೆ ಹುಡುಗಿ ತನ್ನ ಪರವಾಗಿ ತಂದೆಗೇ ಅಧಿಕಾರ ಕೊಡಲೂ ಅದೇ ಕಾನೂನಿನಲ್ಲಿ ಅವಕಾಶವಿದೆ. ಅವಳು ಹಾಗೇ ಮಾಡಿದಳು. ಮದುವೆಯ ಕರಾರು ಬರೆಯುವ ಅದೂಲರ (ನೋಟರಿಗಳ) ಮುಂದೆ ಅಪ್ಪ ತಲೆ ಎತ್ತಿ ಕೂತರು. ಅಕ್ಕ ಅಲ್ಲಿವರೆಗೂ ಕಾದು, ಆಮೇಲೆ ಕೋರ್ಟಿಗೆ ಹೋದಳು. ಅಷ್ಟು ದಿನ ಅವಳು ಸಹಿಸಿದ್ದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕಾನೂನಾ, ಸಂಪ್ರದಾಯವಾ ಅಂತ ನೀವು ಕೇಳಿರುವುದೇ ಸರಿಯಿಲ್ಲ. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ಗೆಳತಿಯನ್ನೇ ಕೇಳಿ. ಆ ವ್ಯಕ್ತಿಯ ಹತ್ತಿರ ಅವಳೇ ಹೋಗಲಿ. ಆಗಲೂ ಅಪ್ಪ ಒಪ್ಪದಿದ್ದರೆ ಕಾನೂನು ಇದ್ದೇ ಇದೆ. ಅವಳು ಕರೆದರೆ ಜೊತೆಗೆ ಹೋಗಿ.