ಪಂಪ್‌ಸೆಟ್ಟಿನ ಲೆಕ್ಕ ಏಕೆ ತಾಳೆಯಾಗುತ್ತಿಲ್ಲ?

ಪ್ರಶ್ನೆ: ಮಗಳು ಹತ್ತನೇ ತರಗತಿಯಲ್ಲಿ ಕಲಿತ ಲೆಕ್ಕವನ್ನು ಮನೆಯಲ್ಲಿ ಮಾಡಿ ನೋಡಿದೆವು. ನೀರು ಕಾಯಿಸುವ ರಾಡಿಗೆ 230 ವೋಲ್ಟ್ ಇದ್ದಾಗ 6.5 ಆಂಪಿಯರ್ ಹರಿಯಿತು. ಭಾಗಿಸಿದರೆ 35 ಓಮ್, ಗುಣಿಸಿದರೆ 1,495 ವ್ಯಾಟ್ ಬಂತು. ರಾಡಿನ ಮೇಲೂ 1,500 ವ್ಯಾಟ್ ಎಂದೇ ಇದೆ. ಆದರೆ 1,000 ಅಡಿ ಆಳಕ್ಕೆ ಇಳಿಸಿರುವ ನಮ್ಮ 7.5 ಎಚ್‌ಪಿ ತ್ರೀ ಫೇಸ್ ಮೋಟಾರು 400 ವೋಲ್ಟ್‌ನಲ್ಲಿ 13 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ 5,200 ವ್ಯಾಟ್, 7.5 ಎಚ್‌ಪಿ ಎಂದರೆ ಸುಮಾರು 5,600 ವ್ಯಾಟ್ ಅಲ್ಲವೇ? ಭಾಗಿಸಿದರೆ 31 ಓಮ್, ಮಲ್ಟಿಮೀಟರ್ ಹಿಡಿದರೆ ಎರಡು ವೈರುಗಳ ನಡುವೆ 5 ಓಮ್ ಮಾತ್ರ. ತಪ್ಪಿರುವುದು ಎಲ್ಲಿ?
— ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ನಿಮ್ಮ ಅಳತೆಗಳಲ್ಲಿ ತಪ್ಪಿಲ್ಲ. ರಾಡಿಗೆ ಹೊಂದುವ ಸೂತ್ರವನ್ನು ಮೋಟಾರಿಗೆ ಹಾಗೆಯೇ ಹಚ್ಚಿದ್ದರಿಂದ ಈ ಗೊಂದಲ ಹುಟ್ಟಿದೆ.

ಮೊದಲು ವ್ಯಾಟ್ ಲೆಕ್ಕ. ತ್ರೀ ಫೇಸ್‌ನಲ್ಲಿ ಮೂರು ವೈರುಗಳೂ ಶಕ್ತಿಯನ್ನು ಹೊತ್ತು ತರುವುದರಿಂದ ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧವನ್ನು 1.732ರಿಂದ ಮತ್ತೆ ಗುಣಿಸಬೇಕು; ಆಗ 9,000 ಸಿಗುತ್ತದೆ. ಇದರಲ್ಲೂ ಒಂದು ಪಾಲು, ಕಾಯಿಲಿನಲ್ಲಿ ಕಾಂತಶಕ್ತಿಯಾಗಿ ನಿಂತು ಮರುಗಳಿಗೆಯೇ ಲೈನಿಗೆ ಹಿಂದಿರುಗುವುದರಿಂದ, ನಿಜವಾಗಿ ಬಳಕೆಯಾಗುವ ಪಾಲನ್ನು ಹೇಳುವ ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು. ಅದು 0.85 ಎಂದಿಟ್ಟುಕೊಂಡರೆ ಮೋಟಾರು ನಿಜವಾಗಿ ಪಡೆಯುತ್ತಿರುವುದು ಸುಮಾರು 7,650 ವ್ಯಾಟ್. ನಿಮ್ಮ 5,600 ವ್ಯಾಟ್ ಎಂಬುದು ಶಾಫ್ಟ್, ಅಂದರೆ ಮೋಟಾರಿನ ತಿರುಗುವ ದಂಡ, ಕೊಡುವ ಶಕ್ತಿ; ಉಳಿದದ್ದು ದಾರಿಯಲ್ಲಿ ಶಾಖವಾಗಿ ಕಳೆಯುತ್ತದೆ.

ಇನ್ನು ಓಮ್ ಲೆಕ್ಕ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ (ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ತಂತಿಯ ರೆಸಿಸ್ಟೆನ್ಸ್, ಅಂದರೆ ತಡೆ, ಸಿಗುತ್ತದೆ) ರಾಡಿನ ತಂತಿಗೆ ನೇರವಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ವಿದ್ಯುತ್ತು ಶಾಖವಾಗುವುದನ್ನು ಬಿಟ್ಟರೆ ಬೇರೇನನ್ನೂ ಮಾಡುವುದಿಲ್ಲ. ಮೋಟಾರಿನಲ್ಲಿ ಹಾಗಲ್ಲ: ಕಾಯಿಲಿನ ಕಾಂತಕ್ಷೇತ್ರ ಕ್ಷಣಕ್ಷಣಕ್ಕೂ ಬದಲಾಗುತ್ತಾ ಅದೇ ಕಾಯಿಲಿನಲ್ಲಿ ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ, ಮತ್ತು ಕರೆಂಟನ್ನು ತಡೆದು ಹಿಡಿಯುವುದು ಬಹುಪಾಲು ಅದೇ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೊಡನೆ ಆಂಪಿಯರ್ ಮೀಟರಿನ ಮುಳ್ಳು ಬಲತುದಿಗೆ ಹಾರಿ, ಮೋಟಾರು ವೇಗ ಹಿಡಿದ ಮೇಲೆ 13ಕ್ಕೆ ಇಳಿಯುವುದನ್ನು ನೀವು ನೋಡಿರಬೇಕು. ನಿಂತ ರೋಟರ್ (ಮೋಟಾರಿನ ತಿರುಗುವ ಭಾಗ) ಈ ಎದುರು ವೋಲ್ಟೇಜನ್ನು ಇನ್ನೂ ಪೂರ್ತಿ ಬೆಳೆಯಗೊಡದ ಗಳಿಗೆ ಅದು. ಆದ್ದರಿಂದ ನಿಮ್ಮ 31, ತಂತಿಯ ರೆಸಿಸ್ಟೆನ್ಸ್ ಅಲ್ಲ.

ನಿಜವಾದ ರೆಸಿಸ್ಟೆನ್ಸ್ ಆ 5 ಓಮ್, ಮತ್ತು ಕೋಲಾರದಂಥ ಆಳದ ಬೋರ್‌ವೆಲ್‌ಗಳ ಸೀಮೆಯಲ್ಲಿ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಸಂಗತಿ ಅದರೊಳಗಿದೆ: ಕಾಯಿಲಿನದರ ಜೊತೆಗೆ ಕೇಬಲಿನ ರೆಸಿಸ್ಟೆನ್ಸೂ ಅದರಲ್ಲಿ ಸೇರಿದೆ. ನಿಮ್ಮ ಕೇಬಲ್ 6 ಚದರ ಮಿಲಿಮೀಟರ್ ತಾಮ್ರದ್ದಾದರೆ, 1,000 ಅಡಿಗೆ ಒಂದೊಂದು ವೈರಿನಲ್ಲೂ ಸುಮಾರು 0.94 ಓಮ್ ಇರುತ್ತದೆ. ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸ್‌ನಿಂದ ಗುಣಿಸಿದರೆ ವೈರೊಂದಕ್ಕೆ 159 ವ್ಯಾಟ್, ಮೂರಕ್ಕೂ ಸೇರಿ 475 ವ್ಯಾಟ್‌ನಷ್ಟು ಶಕ್ತಿ ನೀರೆತ್ತದೆ ಕೇಬಲ್ ಬಿಸಿ ಮಾಡಿಯೇ ಕಳೆದುಹೋಗುತ್ತದೆ. ವೋಲ್ಟೇಜು ಕುಸಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುವುದರಿಂದ ಈ ನಷ್ಟ ಇನ್ನೂ ಏರುತ್ತದೆ, ಕಾಯಿಲ್ ಸುಡುವುದೂ ಹೆಚ್ಚಾಗಿ ಹೀಗೆಯೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ನಿಮ್ಮ ಜಿಲ್ಲೆಯ ಚಿನ್ನದ ಗಣಿಗೆ ವಿದ್ಯುತ್ತನ್ನು ಅಧಿಕ ವೋಲ್ಟೇಜಿನಲ್ಲಿ ತಂದದ್ದು ಇದೇ ಕಾರಣಕ್ಕೆ: ಅಷ್ಟೇ ಶಕ್ತಿಯನ್ನು ಸಾಗಿಸುವಾಗ ವೋಲ್ಟೇಜು ಎರಡರಷ್ಟಾದರೆ ಕರೆಂಟು ಅರ್ಧಕ್ಕೂ, ತಂತಿಯ ನಷ್ಟ ಕಾಲು ಭಾಗಕ್ಕೂ ಇಳಿಯುತ್ತದೆ.

ಮಲ್ಟಿಮೀಟರ್ ಹಿಡಿಯುವ ಮುನ್ನ ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಕೇಬಲನ್ನು ಸ್ಟಾರ್ಟರಿನಿಂದ ಬಿಡಿಸಿರಿ. ಮಗಳು ಜೊತೆಗಿದ್ದಾಗಲಂತೂ ಇದನ್ನು ಮರೆಯಬೇಡಿ.